ಕಂಪ್ಯೂಟರ್ ಡಬ್ಬಿಗೆ ಗಾಳಿ ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು?



ನಮ್ಮ ಶಾಲೆಯಲ್ಲಿ ಕಿಟಕಿ ಪಕ್ಕದ ಕಂಪ್ಯೂಟರ್ ಮಧ್ಯಾಹ್ನದ ಪಿರಿಯಡ್ಡಿನಲ್ಲಿ ತಾನೇ ಆಫ್ ಆಗುವುದನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೆ ದೆವ್ವ ಹೊಕ್ಕಿದೆ ಅಂತ ಚಿಕ್ಕ ತರಗತಿಯವರು ಹೇಳ್ತಾರೆ. ದೆವ್ವ ಅಲ್ಲ, ಕಾವು! ಇರೋದೇ ಎರಡು ಕಂಪ್ಯೂಟರ್. ಒಂದು ಸುಟ್ಟುಹೋದರೆ ಇನ್ನೊಂದಕ್ಕೆ ಇಡೀ ತರಗತಿ ಮುಗಿಬೀಳಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರಿನ ಮಿದುಳು ಅಂತ ಕರೆಯುವ ಪ್ರೊಸೆಸರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಬಹಳಷ್ಟು ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಮೊದಲು ವೇಗ ತಗ್ಗಿಸುತ್ತವೆ. ಅಷ್ಟಕ್ಕೂ ಕಾವು ಇಳಿಯದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡಿ ತಮ್ಮನ್ನು ಉಳಿಸಿಕೊಳ್ಳುತ್ತವೆ. ಅದರ ತಲೆ ಮೇಲೆ ಒಂದು ಸಣ್ಣ ಫ್ಯಾನ್ ಇರ್ತದೆ. ಆದರೆ ಆ ಫ್ಯಾನ್ ಬಿಸಿಯನ್ನು ಡಬ್ಬಿಯೊಳಗೇ ಚೆಲ್ಲುತ್ತದೆ. ಹೊರಗೆ ಹಾಕಬೇಕಾದದ್ದು ಡಬ್ಬಿಗೆ ಜೋಡಿಸಿದ ಫ್ಯಾನುಗಳು.

ಇಲ್ಲೊಂದು ಮಾತು ನೆನಪಿಡಬೇಕು. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಬರೀ ಬದಲಾಯಿಸುತ್ತದೆ. ಕೋಣೆಯೇ 40 ಡಿಗ್ರಿ ಇದ್ದರೆ ಎಷ್ಟು ಫ್ಯಾನ್ ಹಾಕಿದರೂ ಒಳಗಡೆ ಅದಕ್ಕಿಂತ ಕೆಳಗೆ ಇಳಿಯದು. ಕಿಟಕಿಯ ಬಿಸಿಲಿನಿಂದ ಡಬ್ಬಿಯನ್ನು ಸರಿಸುವುದೂ ಅದಕ್ಕೇ ಮುಖ್ಯ.

ನಮ್ಮ ಹಳೇ ಮನೆಗಳ ಅಡುಗೆಮನೆ ನೋಡಿ. ಗಾಳಿ ಬಾಗಿಲಿನಿಂದ ಬಂದು, ಬಿಸಿ ಹೊಗೆ ಮೇಲಿನ ಬೆಳಕಿಂಡಿಯಿಂದ ಹೋಗುತ್ತದೆ. ಡಬ್ಬಿಯದೂ ಅದೇ ಲೆಕ್ಕ: ಮುಂದೆ ಕೆಳಗಿನ ಫ್ಯಾನ್ ಎಳೆದುಕೊಳ್ಳಬೇಕು, ಹಿಂದೆ ಮೇಲಿನದು ಹೊರಹಾಕಬೇಕು. ಬಿಸಿ ಗಾಳಿ ಮೇಲೇರುವ ಗುಣ ಡಬ್ಬಿಯೊಳಗೆ ಬಹಳ ದುರ್ಬಲ, ಫ್ಯಾನಿನ ಮುಂದೆ ಅದರ ಆಟ ನಡೆಯದು. ನಿಜವಾಗಿ ಬೇಕಾದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುವ ದಾರಿ. ಹೊರಹಾಕುವ ಫ್ಯಾನನ್ನು ಮುಂದಿನ ಫ್ಯಾನಿನ ಪಕ್ಕದಲ್ಲೇ ಕೂರಿಸಿದರೆ ಬಂದ ತಂಪು ಗಾಳಿ ಪ್ರೊಸೆಸರ್ ಮುಖ ನೋಡದೇ ಹೊರಟುಹೋಗುತ್ತದೆ!

ನಮ್ಮ ಡಬ್ಬಿಯಲ್ಲಿ ಆದದ್ದು ಬೇರೆ. ಯಾರೋ ರಿಪೇರಿಯವರು ಹಿಂದಿನ ಫ್ಯಾನನ್ನು ಉಲ್ಟಾ ಕೂರಿಸಿದ್ದರು. ಅದರ ಸರೀ ಮೇಲೆ ಕರೆಂಟಿನ ಪೆಟ್ಟಿಗೆ, ಅಂದರೆ ಪವರ್ ಸಪ್ಲೈ ಇದೆ. ಅದು ಹೊರಗೆ ಬಿಟ್ಟ ಬಿಸಿಯನ್ನೇ ಈ ಫ್ಯಾನ್ ಮತ್ತೆ ಒಳಗೆ ಎಳೆಯುತ್ತಿತ್ತು. ಡಬ್ಬಿ ಗೋಡೆಗೆ ಒತ್ತಿಕೊಂಡಿದ್ದರಿಂದ ಬಿಸಿ ಗಾಳಿಗೆ ಬೇರೆ ದಾರಿಯೂ ಇರಲಿಲ್ಲ.

ಫ್ಯಾನಿನ ದಿಕ್ಕು ತಿಳಿಯುವುದು ಸುಲಭ. ಮೋಟರನ್ನು ಹಿಡಿದ ನಾಲ್ಕು ಕಡ್ಡಿಗಳು ಕಾಣುವ ಬದಿಯಿಂದ ಸಾಮಾನ್ಯವಾಗಿ ಗಾಳಿ ಹೊರಬರ್ತದೆ. ಕೆಲವದರ ಅಂಚಿನಲ್ಲಿ ಬಾಣದ ಗುರುತೂ ಇರುತ್ತದೆ. ನಂಬಿಕೆ ಬರದಿದ್ದರೆ ಊದುಬತ್ತಿ ಹೊಗೆಯನ್ನು ಜಾಲರಿಯ ಹೊರಗೆ ಹಿಡಿಯಿರಿ, ಅದೇ ಹೇಳುತ್ತದೆ.

ಧೂಳಿನ ಮಾತು ಬಿಡುವಂತಿಲ್ಲ, ನಮ್ಮ ಊರು ಎಂಥಾದ್ದು ಗೊತ್ತಲ್ಲ. ಹೊರಹಾಕುವ ಗಾಳಿ ಹೆಚ್ಚಾಗಿ ಎಳೆಯುವ ಗಾಳಿ ಕಡಿಮೆಯಾದರೆ, ಡಬ್ಬಿ ಎಲ್ಲಾ ಸಂದಿಗೊಂದಿಯಿಂದ ಗಾಳಿ ಹೀರುತ್ತದೆ, ಜೊತೆಗೆ ಧೂಳನ್ನೂ. ಅದಕ್ಕೇ ಮುಂದಿನ ಫ್ಯಾನಿಗೆ ಜಾಲರಿ ಹಾಕಿ, ಎಳೆಯುವುದೇ ಸ್ವಲ್ಪ ಹೆಚ್ಚಿರುವಂತೆ ಮಾಡುವುದು ಒಳ್ಳೇದು. ಜಾಲರಿ ಮುಚ್ಚಿಹೋದರೆ ಫ್ಯಾನ್ ಇದ್ದೂ ಇಲ್ಲದಂತೆ. ಒಳಗೆ ಜೋತಾಡುವ ವೈರುಗಳನ್ನೂ ಒಂದು ಬದಿಗೆ ಕಟ್ಟಬೇಕು. ಮುಚ್ಚಳ ತೆಗೆದಿಟ್ಟರೆ ತಂಪಾಗುವುದಿಲ್ಲವೇ ಅಂತ ಕೇಳ್ತೀರಿ. ಕೆಲವೊಮ್ಮೆ ಆಗ್ತದೆ, ಆದರೆ ಧೂಳು ಮತ್ತು ಹಲ್ಲಿಗೆ ಅದು ಆಹ್ವಾನ ಪತ್ರಿಕೆ.

ಡಬ್ಬಿ ಬಿಚ್ಚುವ ಮೊದಲು ಮೇಷ್ಟ್ರಿಗೆ ಹೇಳಿ ಪ್ಲಗ್ ಕಿತ್ತಿಡಿ. ಪವರ್ ಸಪ್ಲೈ ಪೆಟ್ಟಿಗೆ ಮಾತ್ರ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರಬಹುದು. ಬ್ರಶ್ಶಿನಿಂದ ಒರೆಸುವಾಗ ರೆಕ್ಕೆಯನ್ನು ಒಂದು ಬೆರಳಲ್ಲಿ ಹಿಡಿದುಕೊಳ್ಳಿ. ಒಣಗಿದ ಬ್ರಶ್ ವಿಜ್ಞಾನದ ಕಪಾಟಿನ ಕೆಳಗಿನ ಅರೆಯಲ್ಲಿದೆ.