ತೊಡೆ ಮೇಲಿನ ಗಿಟಾರ್: ಬಿರಡೆ ತಿರುಗಿಸೋ ಮುಂಚೆ ಯಾವ ಶ್ರುತಿ ಅಂತ ತಿಳ್ಕೊಳ್ಳಿ

ತೊಡೆ ಮೇಲೆ ಅಡ್ಡ ಮಲಗಿಸಿ, ತಂತಿ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸೋ ಗಿಟಾರ್‌ಗೆ ಲ್ಯಾಪ್ ಸ್ಟೀಲ್ ಗಿಟಾರ್ ಅಂತ ಹೆಸರು. ಹಳಬರಿಗೆ ಇದು ಹವಾಯಿಯನ್ ಗಿಟಾರ್ ಅಂದ್ರೆ ಬೇಗ ಗೊತ್ತಾಗುತ್ತೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿ, ಮನೆಯಲ್ಲಿರೋ ಮಾಮೂಲಿ ಗಿಟಾರನ್ನೇ ಹೀಗೆ ನುಡಿಸಲು ಹೊರಟವರು ಮೊದಲು ಎಡವೋದು ಶ್ರುತಿಯಲ್ಲಿ. ಯಾವುದೋ ಟ್ಯೂನಿಂಗ್ ನೋಡಿ ಬಿರಡೆ ಬಿಗಿಯುತ್ತಾ ಹೋದರೆ ತಂತಿ ಪಟ್ ಅಂತ ಹರಿಯುತ್ತೆ. ಬಿಗುವು ಮಿತಿ ಮೀರಿದರೆ ಅಂಟಿಸಿದ ಬ್ರಿಡ್ಜ್ ಕೂಡ ಏಳಬಹುದು. ಆಮೇಲೆ ಗಿಟಾರ್ ಅಟ್ಟ ಸೇರುತ್ತೆ.

ಮಾಮೂಲಿ ಶ್ರುತಿ ಯಾಕೆ ಆಗಲ್ಲ?

ಸಾಮಾನ್ಯ ಗಿಟಾರ್‌ನ ಶ್ರುತಿ ದಪ್ಪ ತಂತಿಯಿಂದ ಸಣ್ಣ ತಂತಿಗೆ ಇ, ಎ, ಡಿ, ಜಿ, ಬಿ, ಇ. ಅಲ್ಲಿ ನಾಲ್ಕು ಬೆರಳು ನಾಲ್ಕು ಕಡೆ ಒತ್ತಿ ಕಾರ್ಡ್ ಹಿಡಿಯಬಹುದು. ಲ್ಯಾಪ್ ಸ್ಟೀಲ್‌ನಲ್ಲಿ ಇರೋದು ಒಂದೇ ಬಾರ್, ಅದೂ ನೆಟ್ಟಗಿರುತ್ತೆ. ಬರೀ ತಂತಿಯಲ್ಲಿ ಏನಿದೆಯೋ ಅದೇ ಬಾರ್ ಜೊತೆ ಮೇಲೆ ಕೆಳಗೆ ಓಡುತ್ತೆ. ಹಾಗಾಗಿ ಬೆರಳು ಮಾಡಬೇಕಾದ ಕೆಲಸವನ್ನ ಇಲ್ಲಿ ಶ್ರುತಿ ಮಾಡಬೇಕು. ಯಾವ ಶ್ರುತಿ ಅನ್ನೋದು ಯಾವ ಹಾಡು ನುಡಿಸಬೇಕು ಅನ್ನೋದರ ಮೇಲೆ ನಿಂತಿದೆ.

ಸ ಪ ಸ ಗ ಪ ಸ: ಹೊಸಬರಿಗೆ ಇದೇ ಸಲೀಸು

ಓಪನ್ ಡಿ ಶ್ರುತಿ ಅಂದ್ರೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಡಿ ಅನ್ನು ಷಡ್ಜ ಅಂತ ಇಟ್ಟುಕೊಂಡರೆ ಇದು ಸ ಪ ಸ ಗ ಪ ಸ. ಮಾಮೂಲಿ ಶ್ರುತಿಯಿಂದ ಇಲ್ಲಿಗೆ ಬರಲು 6, 3, 2, 1ನೇ ತಂತಿಗಳನ್ನ ಇಳಿಸಿದರೆ ಸಾಕು, ಯಾವುದನ್ನೂ ಏರಿಸೋ ಹಾಗಿಲ್ಲ. ಹಾಗಾಗಿ ತಂತಿ ಹರಿಯೋ ಭಯ ಕಡಿಮೆ.

ಷಡ್ಜದ ತಂತಿಯಲ್ಲಿ 2ನೇ ಫ್ರೆಟ್ ಚತುಶ್ರುತಿ ರಿಷಭ, 4 ಅಂತರ ಗಾಂಧಾರ, 5 ಶುದ್ಧ ಮಧ್ಯಮ, 7 ಪಂಚಮ, 12 ಮೇಲಿನ ಷಡ್ಜ. ಬಾರ್ ಅನ್ನು ಎರಡು ಫ್ರೆಟ್ ನಡುವೆ ಇಡಬಾರದು, ಫ್ರೆಟ್ ಕಂಬಿಯ ನೇರ ಮೇಲೆ ನಿಲ್ಲಿಸಬೇಕು. ಒತ್ತೋದು ಬೇಡ, ತಂತಿಗೆ ತಾಗಿದರೆ ಸಾಕು. ಸಿನಿಮಾ ಹಾಡಿಗೆ ಕಾರ್ಡ್ ಬೇಕಾದವರಿಗೆ ಬರೀ ತಂತಿ ಡಿ, 5ರಲ್ಲಿ ಜಿ, 7ರಲ್ಲಿ ಎ ಸಿಗುತ್ತೆ. ಎಷ್ಟೋ ಹಾಡು ಈ ಮೂರರಲ್ಲೇ ಮುಗಿಯುತ್ತೆ.

ಓಪನ್ ಜಿ ಕೂಡ ಇಷ್ಟೇ ಸುರಕ್ಷಿತ: ಡಿ, ಜಿ, ಡಿ, ಜಿ, ಬಿ, ಡಿ. ಜಿ ಷಡ್ಜವಾದರೆ ಪ ಸ ಪ ಸ ಗ ಪ. ಇಲ್ಲಿ 6, 5, 1ನೇ ತಂತಿ ಇಳಿಸಿದರೆ ಆಯ್ತು.

ರಾಗ ನುಡಿಸೋರು ಗಮನಿಸಿ

ಮೋಹನ ರಾಗಕ್ಕೆ ಸ ಪ ಸ ಗ ಪ ಸ ಸರಿ ಹೊಂದುತ್ತೆ. ಆದರೆ ಆಭೇರಿಯಲ್ಲಿ ಬರೋದು ಸಾಧಾರಣ ಗಾಂಧಾರ. ಬರೀ ತಂತಿಯಲ್ಲಿ ಅಂತರ ಗಾಂಧಾರ ಮೊಳಗುತ್ತಿದ್ದರೆ ಕಿವಿಗೆ ಚುಚ್ಚುತ್ತೆ. 3ನೇ ತಂತಿಯನ್ನ ಎಫ್ ಶಾರ್ಪ್‌ನಿಂದ ಎಫ್‌ಗೆ ಇಳಿಸಿದರೆ ಸರಿ ಹೋಗುತ್ತೆ. ಹಿಂದೋಳದಲ್ಲಿ ಪಂಚಮವೇ ಇಲ್ಲ. ತಂಬೂರಿಯಲ್ಲಿ ಪಂಚಮದ ತಂತಿಯನ್ನ ಮಧ್ಯಮಕ್ಕೆ ಇಳಿಸೋ ಹಾಗೆ, ಇಲ್ಲೂ ಎರಡು ಎ ತಂತಿಗಳನ್ನ ಜಿಗೆ ಇಳಿಸಬೇಕು, ಗಾಂಧಾರವನ್ನ ಎಫ್‌ನಲ್ಲೇ ಬಿಡಬೇಕು.

ಈ ಜಾರಿಸೋ ನುಡಿಸಾಣಿಕೆ ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ ಹುಟ್ಟಿದ ಚಿತ್ರವೀಣಾ ಎನ್. ರವಿಕಿರಣ್ ಅವರ ವಾದ್ಯಕ್ಕೂ ಮೆಟ್ಟಿಲಿಲ್ಲ, ತಂತಿ ಮೇಲೆ ನುಣುಪಾದ ಕೋಲು ಜಾರಿಸಿಯೇ ನುಡಿಸೋದು. ಗಿಟಾರ್‌ನಲ್ಲಿ ಈ ಶೈಲಿ ಶುರುವಾಗಿದ್ದು 19ನೇ ಶತಮಾನದ ಕೊನೆಗೆ ಹವಾಯಿಯಲ್ಲಿ. ಜೋಸೆಫ್ ಕೆಕುಕು ಅವರ ಹೆಸರು ಇದರ ಜೊತೆ ಕೇಳಿಬರುತ್ತೆ. ಹವಾಯಿಯ ಕಲಾವಿದ ತೌ ಮೋ 1940ರ ದಶಕದಲ್ಲಿ ಕೋಲ್ಕತ್ತಾದಲ್ಲಿ ನೆಲೆಸಿದ್ದರು. ಬ್ರಿಜ್ ಭೂಷಣ್ ಕಾಬ್ರಾ ಹಿಂದೂಸ್ತಾನಿ ರಾಗಗಳನ್ನ ಇದರಲ್ಲಿ ನುಡಿಸಿದರು. ಗಿಟಾರ್‌ಗೆ ತರಪು ತಂತಿ ಸೇರಿಸಿ ಮೋಹನ ವೀಣೆ ರೂಪಿಸಿದ ವಿಶ್ವಮೋಹನ ಭಟ್ಟರು 1994ರಲ್ಲಿ ಗ್ರ್ಯಾಮಿ ಪಡೆದರು.

ಅಪಾಯ ಇರೋದು ಏರಿಸೋ ಶ್ರುತಿಯಲ್ಲಿ

ಡೋಬ್ರೋ ನುಡಿಸೋರ ಜಿ ಶ್ರುತಿ ಬೇರೆ: ಜಿ, ಬಿ, ಡಿ, ಜಿ, ಬಿ, ಡಿ. ಇದಕ್ಕೆ 6ನೇ ತಂತಿಯನ್ನ ಇಯಿಂದ ಜಿಗೆ, ಅಂದರೆ ಮೂರು ಫ್ರೆಟ್‌ನಷ್ಟು ಏರಿಸಬೇಕು. ಅದೇ ತಂತಿಯಲ್ಲಿ ಮಾಡಿದರೆ ಬಿಗುವು ಶೇ. 40ರಷ್ಟು ಜಾಸ್ತಿ ಆಗುತ್ತೆ. 5ನೇ ತಂತಿಯನ್ನೂ ಎರಡು ಫ್ರೆಟ್‌ನಷ್ಟು ಬಿಗಿಯಬೇಕು.

ಇನ್ನೊಂದು ಹೆಸರುವಾಸಿ ಶ್ರುತಿ ಸಿ ಸಿಕ್ಸ್: ಸಿ, ಇ, ಜಿ, ಎ, ಸಿ, ಇ. ನಮ್ಮ ಲೆಕ್ಕದಲ್ಲಿ ಸ ಗ ಪ ದ ಸ ಗ. ಕೆಳಗಿನ ಮೂರು ತಂತಿ ಮೀಟಿದರೆ ಸಿ ಮೇಜರ್, ಮೇಲಿನ ಮೂರು ಮೀಟಿದರೆ ಎ ಮೈನರ್. ಬಾರ್ ಕದಲಿಸದೇ ಎರಡೂ ಸಿಗುತ್ತೆ, ಅದೇ ಇದರ ಲಾಭ. ಆದರೆ ಮಾಮೂಲಿ ಸೆಟ್‌ನ ದಪ್ಪ ತಂತಿಗಳು ಅಷ್ಟು ಎತ್ತರಕ್ಕೆ ಏರಲ್ಲ. ಅದಕ್ಕೆ ಅಂತಲೇ ಇರೋ ಸೆಟ್ ಹಾಕಬೇಕು.

ಕೊಳ್ಳೋರಿಗೂ ಅಂಗಡಿಯವರಿಗೂ

ಪ್ಯಾಕೆಟ್ ಮೇಲಿನ ಗೇಜ್ ಅಂದ್ರೆ ತಂತಿಯ ದಪ್ಪ. 10 ಅಂತ ಇದ್ದರೆ ಇಂಚಿನ ಸಾವಿರದ ಹತ್ತು ಭಾಗ. ತಂತಿ ಕೇಳಿ ಬಂದವರಿಗೆ "ಯಾವ ಶ್ರುತಿಗೆ?" ಅಂತ ಅಂಗಡಿಯವರು ಒಂದು ಮಾತು ಕೇಳಿದರೆ ತಪ್ಪು ಸೆಟ್ ಕೊಡೋದು ತಪ್ಪುತ್ತೆ. ನೈಲಾನ್ ತಂತಿಯ ಗಿಟಾರ್‌ಗೆ ಉಕ್ಕಿನ ತಂತಿ ಹಾಕಲೇಬಾರದು, ಆ ಮರ ಅಷ್ಟು ಬಿಗುವು ತಡೆಯಲ್ಲ.

ಉಕ್ಕಿನ ತಂತಿಯ ಮಾಮೂಲಿ ಗಿಟಾರ್ ಇದ್ದರೆ ಹೊಸ ವಾದ್ಯ ಕೊಳ್ಳಬೇಕಿಲ್ಲ. ತಂತಿಯನ್ನ ಎತ್ತಿ ಹಿಡಿಯೋ ನಟ್ ಎಕ್ಸ್‌ಟೆಂಡರ್ ಮತ್ತು ಒಂದು ಸ್ಟೀಲ್ ಬಾರ್ ಸಾಕು. ತಂತಿ ಎತ್ತರವಾದರೆ ಬಾರ್ ಫ್ರೆಟ್‌ಗೆ ಬಡಿಯಲ್ಲ.

ಮೊದಲು ಮೊಬೈಲ್‌ನ ಟ್ಯೂನರ್ ಆ್ಯಪ್ ಇಟ್ಟುಕೊಂಡು ಓಪನ್ ಡಿಗೆ ಇಳಿಸಿ, ಗೊತ್ತಿರೋ ಒಂದು ಹಾಡನ್ನ ಒಂದೇ ತಂತಿಯಲ್ಲಿ ನುಡಿಸಿ ನೋಡಿ. ಕಿವಿ ಪಳಗಿದ ಮೇಲೆ ಬೇರೆ ಶ್ರುತಿ, ಬೇರೆ ಸೆಟ್ ನೋಡಿದರಾಯ್ತು.