ಬೀಥೋವನ್ನನ ಸಿಂಫನಿಗಳ ಸಮಗ್ರ ಧ್ವನಿಮುದ್ರಣಗಳು: ಹೋಲಿಕೆಯ ಒಂದು ಸಮಸ್ಯೆ

ಬೀಥೋವನ್ನನ ಒಂಬತ್ತು ಸಿಂಫನಿಗಳ ಸಮಗ್ರ ಧ್ವನಿಮುದ್ರಣಗಳನ್ನು ಹೋಲಿಸುವವರು ಸಾಮಾನ್ಯವಾಗಿ ಮೊದಲು ಗಮನಿಸುವುದು ಅವಧಿಯನ್ನು. ಅವಧಿಯೊಂದೇ ಗತಿಯ ಅಳತೆಗೋಲಾಗಲಾರದೆಂಬುದಕ್ಕೆ ಮೂರನೆಯ ಸಿಂಫನಿ ‘ಎರೋಯಿಕಾ’ದ ಮೊದಲ ಭಾಗವೇ ನಿದರ್ಶನ.

1817ರಲ್ಲಿ ಪ್ರಕಟವಾದ ಮೆಟ್ರೊನೋಮ್ ಸೂಚನೆಗಳಲ್ಲಿ ಬೀಥೋವನ್ ಈ ಭಾಗಕ್ಕೆ ನಿಮಿಷಕ್ಕೆ 60 ಬಾರ್‌ಗಳ ವೇಗವನ್ನು ಗೊತ್ತುಪಡಿಸಿದ್ದಾನೆ. ಭಾಗದಲ್ಲಿರುವ ಬಾರ್‌ಗಳು 691. ಅಂದರೆ ಸುಮಾರು ಹನ್ನೊಂದೂವರೆ ನಿಮಿಷ. ಆರಂಭದ ಸುಮಾರು 150 ಬಾರ್‌ಗಳನ್ನು ಸ್ವರಲಿಪಿಯ ಸೂಚನೆಯಂತೆ ಮತ್ತೊಮ್ಮೆ ನುಡಿಸಿದರೆ ಹದಿನಾಲ್ಕು ನಿಮಿಷ.

ಕರಾಯನ್ ಅವರು ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ 1961–62ರಲ್ಲಿ ಸಿದ್ಧಪಡಿಸಿದ ಸಮಗ್ರ ಮುದ್ರಣದಲ್ಲಿ ಈ ಪುನರಾವರ್ತನೆಯಿಲ್ಲ. ಗಾರ್ಡಿನರ್ ಅವರು 1990ರ ದಶಕದ ಮೊದಲಾರ್ಧದಲ್ಲಿ, ಬೀಥೋವನ್ನನ ಕಾಲದ ಮಾದರಿಯ ವಾದ್ಯಗಳನ್ನು ಬಳಸಿ ಮಾಡಿದ ಮುದ್ರಣದಲ್ಲಿ ಅದಿದೆ. ಎರಡೂ ಹದಿನೈದು ನಿಮಿಷಗಳ ಆಸುಪಾಸಿನಲ್ಲೇ ಮುಗಿಯುತ್ತವೆ. ಅವಧಿಯನ್ನಷ್ಟೇ ನೋಡಿದವರಿಗೆ ಇಬ್ಬರ ಗತಿಯೂ ಸಮಾನವೆಂದು ತೋರೀತು. ವಾಸ್ತವವಾಗಿ ಗಾರ್ಡಿನರ್ ಅವರ ನಡೆ ಗಣನೀಯವಾಗಿ ತ್ವರಿತವಾದುದು. ರಚನಕಾರನ ಸೂಚನೆಗೆ ಹೆಚ್ಚು ಸಮೀಪವಾದುದೂ ಹೌದು.

ಆದ್ದರಿಂದ ಗ್ರಂಥಾಲಯಗಳು ಧ್ವನಿಮುದ್ರಣಗಳ ಸೂಚಿಯಲ್ಲಿ ನಿರ್ದೇಶಕರ ಹೆಸರು ಹಾಗೂ ಅವಧಿಯ ಜೊತೆಗೆ, ಬಳಸಿದ ಸ್ವರಲಿಪಿಯ ಆವೃತ್ತಿ, ವಾದ್ಯಗಳ ಬಗೆ ಮತ್ತು ಪುನರಾವರ್ತನೆಯ ವಿವರಗಳನ್ನೂ ದಾಖಲಿಸುವುದು ಅವಶ್ಯ. ಇವಿಲ್ಲದೆ ಮಾಡಿದ ಹೋಲಿಕೆ ಎರಡು ಭಿನ್ನ ಪಾಠಗಳನ್ನು ಒಂದೆಂದು ಭ್ರಮಿಸಿದಂತಾದೀತು.