ಮೈಕ್ ಇಲ್ಲದ ಹಾಡು, ಮೈಸೂರಿಗೆ ಹೊರಟ ರೆಕಾರ್ಡು

1950ರ ಮೇ 22, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಐದು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಗುಮ್ಮಟದ ಕಟ್ಟಡ. ವೇದಿಕೆ ಮೇಲೆ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ಅದನ್ನು ನಡೆಸುತ್ತಿದ್ದವರು ಜರ್ಮನಿಯ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಆಗ ಅವರಿಗೆ 54 ವರ್ಷ. ರಿಚರ್ಡ್ ಸ್ಟ್ರಾಸ್ ಅನ್ನುವ ಸಂಗೀತಕಾರ ಸಾಯುವ ಮುಂಚಿನ ವರ್ಷ ಬರೆದಿದ್ದ ನಾಲ್ಕು ಹಾಡುಗಳನ್ನು ಜಗತ್ತು ಮೊದಲ ಸಲ ಕೇಳಿದ್ದು ಆ ಸಂಜೆ. ಅದೇ ಕಾರ್ಯಕ್ರಮದಲ್ಲಿ ಅವರು ವಾಗ್ನರ್‌ನ ಆಪೆರಾಗಳ ಭಾಗಗಳನ್ನೂ ಹಾಡಿದರು.

ಈ ಕಛೇರಿಗೆ 4,800 ಡಾಲರ್ ಖಾತ್ರಿ ಕೊಟ್ಟು ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್. ಅವರಿಗೆ ಹೋಗಿ ಕೇಳಲು ಆಗಲಿಲ್ಲ. ಬದಲಿಗೆ ಅದನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕು ಅನ್ನುವ ಏರ್ಪಾಡು.

ಅವತ್ತು ಹಾಡಿದ್ದು ಏನು? ಮೈಕ್ ಇಲ್ಲದೆ ಅದು ಕೊನೇ ಸಾಲಿನವರೆಗೆ ಮುಟ್ಟಿದ್ದು ಹೇಗೆ? ಕೊಪ್ಪಳದ ಕಡೆಯ ನಮಗೂ ಅದಕ್ಕೂ ಏನು ಸಂಬಂಧ? ಒಂದೊಂದಾಗಿ ನೋಡೋಣ.

ಮೊದಲು ಆಪೆರಾ

ಆಪೆರಾ ಅಂದ್ರೆ ಹಾಡಿನಲ್ಲೇ ನಡೆಯುವ ನಾಟಕ. ಸುಮಾರು 1600ರ ಹೊತ್ತಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಹುಟ್ಟಿತು. 1607ರಲ್ಲಿ ಮಾಂಟುವಾ ಊರಿನಲ್ಲಿ ಆಡಿದ ಮೊಂಟೆವೆರ್ಡಿಯ 'ಓರ್ಫೆಯೋ' ಇವತ್ತಿಗೂ ರಂಗದ ಮೇಲೆ ಬರುತ್ತದೆ.

ದೊಡ್ಡಾಟ ನೋಡಿದವರಿಗೆ ಇದರ ರಚನೆ ತಿಳಿಯುವುದು ಕಷ್ಟವಲ್ಲ. ಆಟದಲ್ಲಿ ಮಾತು ಬಂದಾಗ ಕಥೆ ಮುಂದಕ್ಕೆ ಓಡುತ್ತದೆ. ಪದ ಬಂದಾಗ ಕಥೆ ನಿಲ್ಲುತ್ತದೆ, ಪಾತ್ರದ ಸಿಟ್ಟು, ದುಃಖ, ಜಂಬ ಮಾತ್ರ ಉಳಿಯುತ್ತದೆ. ಆಪೆರಾದಲ್ಲೂ ಅಷ್ಟೇ. ಅರ್ಧ ಮಾತು, ಅರ್ಧ ಹಾಡಿನಂತಿರುವ ಭಾಗಕ್ಕೆ ರೆಸಿಟಟಿವ್ ಅಂತಾರೆ, ಅದು ಕಥೆ ನಡೆಸುತ್ತದೆ. ಕಥೆ ನಿಂತು ಒಬ್ಬ ಪಾತ್ರ ಮನಸ್ಸು ಬಿಚ್ಚಿ ಹಾಡುವ ಭಾಗ ಆರಿಯಾ. ಪುಚ್ಚಿನಿಯ 'ತುರಾಂದೋತ್' ಆಪೆರಾದ (1926) 'ನೆಸ್ಸುನ್ ದೋರ್ಮಾ' ಅಂಥದ್ದೊಂದು ಆರಿಯಾ. 1990ರ ಫುಟ್‌ಬಾಲ್ ವಿಶ್ವಕಪ್ ವೇಳೆ ಪವರೊಟ್ಟಿಯ ದನಿಯಲ್ಲಿ ಅದು ಆಪೆರಾ ನೋಡದವರ ಮನೆಗೂ ಹೋಯಿತು.

ವಾಗ್ನರ್ ಮಾತ್ರ ಈ ಗಡಿ ಅಳಿಸಿದವನು. ಅವನ ಆಪೆರಾದಲ್ಲಿ ಸಂಗೀತ ನಿಲ್ಲುವುದೇ ಇಲ್ಲ, ಆದ್ದರಿಂದ ಕಟ್ಟುನಿಟ್ಟಾಗಿ ಆರಿಯಾ ಅನ್ನಲು ಬರುವುದಿಲ್ಲ. ಆದರೂ 'ಟ್ರಿಸ್ಟಾನ್ ಮತ್ತು ಇಸೋಲ್ಡೆ'ಯ (1865) ಕೊನೆಯಲ್ಲಿ ಸತ್ತ ಪ್ರಿಯಕರನ ಮುಂದೆ ಇಸೋಲ್ಡೆ ಹಾಡುವ ಭಾಗವನ್ನು ಬಿಡಿಯಾಗಿ ಹಾಡುವ ರೂಢಿ ಇದೆ. ಫ್ಲಾಗ್‌ಸ್ಟಾಡ್ ಅವತ್ತು ಅದನ್ನು ಹಾಡಿದರು. ಸುಮಾರು ನಾಲ್ಕು ತಾಸಿನ ನಾಟಕ ಏರಿಸಿಕೊಂಡು ಬರುವ ದುಃಖವನ್ನು ಹಾಡುವವರು ಕೆಲವೇ ನಿಮಿಷದಲ್ಲಿ, ವೇಷ ಇಲ್ಲದೆ, ಪರದೆ ಇಲ್ಲದೆ ಕಟ್ಟಿಕೊಡಬೇಕು.

ಇದು ನಮಗೆ ಹೊಸದೇನಲ್ಲ. ಕುಂದಗೋಳದ ಸವಾಯಿ ಗಂಧರ್ವರು ನಾಟಕದಲ್ಲಿ ಪಾತ್ರ ಮಾಡಿದವರು. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿದ್ದರು. ನಾಟಕದ ಹಾಡು ರಂಗ ಬಿಟ್ಟು ಬೈಠಕ್ಕಿಗೆ ಬಂದು ಒಂಟಿಯಾಗಿ ನಿಲ್ಲುವುದನ್ನು ನಮ್ಮ ಕಡೆಯವರು ಮೊದಲಿಂದ ಕೇಳಿದ್ದಾರೆ.

ಇನ್ನೊಂದು ಬಗೆ: ಕವಿತೆಯ ಹಾಡು

ರಿಸೈಟಲ್‌ನ ಇನ್ನರ್ಧ ಆರ್ಟ್ ಸಾಂಗ್. ಜರ್ಮನ್‌ನಲ್ಲಿ ಲೀಡ್ ಅಂತಾರೆ. ನಮ್ಮ ಭಾವಗೀತೆಗೆ ತೀರಾ ಹತ್ತಿರ. ಬೇಂದ್ರೆಯವರ ಕವಿತೆ ಮೊದಲು ಪುಸ್ತಕದಲ್ಲಿತ್ತು, ಆಮೇಲೆ ಯಾರೋ ರಾಗ ಹಾಕಿದರು. ಲೀಡ್ ಹುಟ್ಟುವುದೂ ಹೀಗೆ. ವ್ಯತ್ಯಾಸ ಒಂದೇ. ನಮ್ಮಲ್ಲಿ ಹಾರ್ಮೋನಿಯಂ, ತಬಲಾ ಹಾಡಿನ ಹಿಂದೆ ಬರುತ್ತವೆ, ನುಡಿಸುವವರಿಗೆ ಸ್ವಾತಂತ್ರ್ಯ ಇರುತ್ತದೆ. ಅಲ್ಲಿ ಪಿಯಾನೋದ ಪ್ರತಿ ಸ್ವರವನ್ನೂ ಬರೆದಿಟ್ಟಿರುತ್ತಾರೆ, ಅದು ಹಾಡಿನಷ್ಟೇ ಮುಖ್ಯ.

ಶೂಬರ್ಟ್ 1815ರಲ್ಲಿ ಗಯಟೆಯ 'ಎರ್ಲ್‌ಕ್ಯೋನಿಗ್' ಕವಿತೆಗೆ ಸಂಗೀತ ಬರೆದಾಗ ಅವನಿಗೆ 18 ವರ್ಷ, ನಮಗಿಂತ ಚಿಕ್ಕವ. ರಾತ್ರಿ ಅಪ್ಪನೊಬ್ಬ ಜ್ವರದ ಮಗನನ್ನು ತಬ್ಬಿಕೊಂಡು ಕುದುರೆ ಓಡಿಸುತ್ತಿದ್ದಾನೆ, ಸಾವಿನ ರೂಪದ ಒಂದು ದೆವ್ವ ಮಗುವನ್ನು ಕರೆಯುತ್ತಿದೆ. ಕುದುರೆಯ ಓಟ ಪಿಯಾನೋದ ಬಲಗೈಯಲ್ಲಿದೆ. ಕಥೆ ಹೇಳುವವ, ಅಪ್ಪ, ಮಗ, ದೆವ್ವ, ಈ ನಾಲ್ಕೂ ಪಾತ್ರ ಒಬ್ಬರ ಗಂಟಲಲ್ಲೇ. ನಮ್ಮ ತೊಗಲುಗೊಂಬೆ ಆಟದಲ್ಲಿ ಪರದೆ ಹಿಂದೆ ಕೂತವರೇ ರಾಮನಾಗಿ, ಅವರೇ ರಾವಣನಾಗಿ ದನಿ ಬದಲಿಸುತ್ತಾರಲ್ಲ, ಆ ಕೆಲಸವೇ ಇದು.

ಸ್ಟ್ರಾಸ್ ತನ್ನ ನಾಲ್ಕು ಹಾಡು ಬರೆದದ್ದು 1948ರಲ್ಲಿ, 84ನೇ ವಯಸ್ಸಿನಲ್ಲಿ. ಮೂರು ಕವಿತೆ ಹರ್ಮನ್ ಹೆಸ್ಸೆಯವು, ಒಂದು ಐಖೆನ್‌ಡಾರ್ಫ್‌ನದು. ಅದರಲ್ಲಿ ಜೀವನವಿಡೀ ಜೊತೆಗೆ ನಡೆದ ಇಬ್ಬರು ಸಂಜೆ ಬೆಳಕಿನಲ್ಲಿ ನಿಂತಿದ್ದಾರೆ, ದಣಿದಿದ್ದಾರೆ, ಇದೇ ಸಾವಿರಬಹುದಾ ಅಂತ ಕೇಳಿಕೊಳ್ಳುತ್ತಾರೆ. ಇಲ್ಲಿ ಪಿಯಾನೋ ಬದಲು ಪೂರ್ತಿ ಆರ್ಕೆಸ್ಟ್ರಾ. ಇದನ್ನು ಫ್ಲಾಗ್‌ಸ್ಟಾಡ್ ಹಾಡಬೇಕು ಅನ್ನುವುದು ಸ್ಟ್ರಾಸ್‌ನ ಆಸೆಯಾಗಿತ್ತು. ಅವರು ಹಾಡಿದರು. ಆದರೆ 1949ರ ಸೆಪ್ಟೆಂಬರ್‌ನಲ್ಲೇ ಅವನು ತೀರಿಹೋಗಿದ್ದ.

ಮೈಕ್ ಇಲ್ಲದೆ ಹೇಗೆ?

ಇದು ನಮ್ಮ ಸಬ್ಜೆಕ್ಟ್. ಇಂಥ ಕಛೇರಿಯಲ್ಲಿ ಹಾಡುವವರ ದನಿಯನ್ನು ದೊಡ್ಡದು ಮಾಡಲು ಮೈಕ್, ಸ್ಪೀಕರ್ ಇಡುವುದಿಲ್ಲ. ಎದುರಿಗೆ ಹತ್ತಾರು ವಾದ್ಯಗಳು. ಒಂದು ಗಂಟಲು ಅಷ್ಟರ ಮೇಲೆ ಎದ್ದು ಕೇಳಬೇಕು. ಬರೀ ಜೋರಾಗಿ ಕೂಗಿದರೆ ಗಂಟಲು ಹೋಗುತ್ತದೆಯೇ ಹೊರತು ಕೆಲಸ ಆಗುವುದಿಲ್ಲ.

ಗಂಟಲಿನಿಂದ ತುಟಿಯವರೆಗಿನ ದಾರಿಯನ್ನು ಒಂದು ಕಡೆ ಮುಚ್ಚಿದ ಕೊಳವೆ ಅಂದುಕೊಳ್ಳಿ. ಉದ್ದ ಸುಮಾರು 17 ಸೆಂಟಿಮೀಟರ್. ಶಬ್ದದ ವೇಗವನ್ನು, ಸೆಕೆಂಡಿಗೆ 340 ಮೀಟರ್ ಅಂತ ಹಿಡಿದು, ಈ ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸಿದರೆ 500 ಹರ್ಟ್ಜ್ ಬರುತ್ತದೆ. ಅದು ಕೊಳವೆಯ ಮೊದಲ ರೆಸೊನೆನ್ಸ್. ಮುಂದಿನವು 1500, 2500 ಹೀಗೆ. ಇವಕ್ಕೆ ಫಾರ್ಮೆಂಟ್ ಅಂತ ಹೆಸರು. ನಾಲಿಗೆ, ದವಡೆ, ತುಟಿ ಅಲುಗಾಡಿಸಿ ಇವುಗಳ ಜಾಗ ಬದಲಿಸುವುದರಿಂದಲೇ 'ಆ' ಬೇರೆ, 'ಈ' ಬೇರೆ ಕೇಳುತ್ತದೆ.

ಆರ್ಕೆಸ್ಟ್ರಾದ ಶಕ್ತಿ ಹೆಚ್ಚಿರುವುದು ಸುಮಾರು 500 ಹರ್ಟ್ಜ್ ಸುತ್ತ. ಮೇಲೆ ಹೋದಂತೆ ಇಳಿಯುತ್ತಾ ಬರುತ್ತದೆ. ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ತರಬೇತಿ ಪಡೆದ ಗಂಡು ಗಾಯಕರು ಧ್ವನಿಪೆಟ್ಟಿಗೆಯನ್ನು ಕೆಳಗಿಳಿಸಿ, ಅದರ ಮೇಲಿನ ಗಂಟಲನ್ನು ಅಗಲ ಮಾಡುತ್ತಾರೆ. ಆಗ ಮೂರು, ನಾಲ್ಕು, ಐದನೇ ಫಾರ್ಮೆಂಟ್‌ಗಳು ಹತ್ತಿರ ಬಂದು 3000 ಹರ್ಟ್ಜ್ ಆಸುಪಾಸು ಗುಂಪಾಗುತ್ತವೆ. ಅಲ್ಲಿ ಆರ್ಕೆಸ್ಟ್ರಾ ದುರ್ಬಲ, ನಮ್ಮ ಕಿವಿ ಮಾತ್ರ ತುಂಬಾ ಚುರುಕು. ಅಂದ್ರೆ ದಾರಿ ಖಾಲಿ ಇರುವ ಕಡೆಯಿಂದ ದನಿ ನುಗ್ಗುತ್ತದೆ. ಇದು ವಾಲ್ಯೂಮ್ ಅಲ್ಲ, ಟ್ಯೂನಿಂಗ್.

ಫ್ಲಾಗ್‌ಸ್ಟಾಡ್‌ರಂಥ ಸೊಪ್ರಾನೋಗಳ ದಾರಿ ಸ್ವಲ್ಪ ಬೇರೆ. ಅವರು 900 ಹರ್ಟ್ಜ್ ಸ್ವರ ಹಾಡುವಾಗ 'ಈ' ಅಂದರೆ, ಅದರ ಮೊದಲ ಫಾರ್ಮೆಂಟ್ ಸುಮಾರು 300ರಲ್ಲೇ ಉಳಿಯುತ್ತದೆ. ಅಲ್ಲಿ ಬಲ ಪಡೆಯಲು ಅವರ ದನಿಯಲ್ಲಿ ಏನೂ ಇಲ್ಲ. ಅದಕ್ಕೆ ದವಡೆ ಅಗಲವಾಗಿ ತೆಗೆದು ಫಾರ್ಮೆಂಟನ್ನೇ ಸ್ವರದ ಎತ್ತರಕ್ಕೆ ಏರಿಸುತ್ತಾರೆ. ದನಿ ತುಂಬಿಕೊಳ್ಳುತ್ತದೆ, ಆದರೆ ಎಲ್ಲ ಅಕ್ಷರವೂ 'ಆ' ಥರ ಆಗಿಬಿಡುತ್ತದೆ. ಮೇಲಿನ ಸ್ವರಗಳಲ್ಲಿ ಪದ ತಿಳಿಯುವುದಿಲ್ಲ ಅಂತ ಬೇಜಾರಾಗಬೇಡಿ, ಜರ್ಮನ್ ಬಲ್ಲವರಿಗೂ ಅಲ್ಲಿ ತಿಳಿಯುವುದು ಕಷ್ಟ.

ಅದಕ್ಕೆ ಕೇಳುವ ಕ್ರಮ ಹೀಗಿರಲಿ: ಮೊದಲು ಕವಿತೆಯ ಅರ್ಥ ಓದಿ, ಆಮೇಲೆ ಇಯರ್‌ಫೋನ್ ಹಾಕಿಕೊಂಡು ಒಂದೇ ಒಂದು ಹಾಡು ಕೇಳಿ. 'ಎರ್ಲ್‌ಕ್ಯೋನಿಗ್' ನಾಲ್ಕು ನಿಮಿಷದ ಆಸುಪಾಸು, ಶುರು ಮಾಡಲು ಅದೇ ಸರಿ.

ಒಡೆಯರ್ ಯಾಕೆ ದುಡ್ಡು ಕೊಟ್ಟರು?

ಜಯಚಾಮರಾಜ ಒಡೆಯರ್‌ಗೆ ಆಗ 30 ವರ್ಷ. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು, ಪಾಶ್ಚಾತ್ಯ ಸಂಗೀತದಲ್ಲೂ ಪರೀಕ್ಷೆ ಪಾಸು ಮಾಡಿದವರು. ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವು ಅನ್ನುವ ಅಂದಾಜಿದೆ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು ಅವರೇ. ಲಂಡನ್ನಿನಲ್ಲಿ ಕಾಯಿಲೆ ಬಿದ್ದು ಮರೆಯಾಗುತ್ತಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರನ ಕೃತಿಗಳನ್ನು, ಅವನೇ ಪಿಯಾನೋ ನುಡಿಸಿ ರೆಕಾರ್ಡ್ ಮಾಡುವಂತೆ ಹಣ ಕೊಟ್ಟರು. ಅದರಲ್ಲಿ ಅವನ ಹಾಡುಗಳೂ ಸೇರಿದ್ದವು. ಮೆಟ್ನರ್ ತನ್ನ ಮೂರನೇ ಪಿಯಾನೋ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ.

ಎರಡೂ ಕಡೆ ಅವರು ಮಾಡಿದ್ದು ಒಂದೇ ಕೆಲಸ. ದನಿ ಇರುವಾಗಲೇ ಹಿಡಿದಿಟ್ಟರು. 1950ರ ಆ ಸಂಜೆಯ ರೆಕಾರ್ಡಿಂಗ್ ಈಗಿನ ಕಿವಿಗೆ ಮಸುಕು, ಗೊರಗೊರ. ಆದರೂ ಫ್ಲಾಗ್‌ಸ್ಟಾಡ್ ಅಲ್ಲಿದ್ದಾರೆ.

ಇನ್ನು ನಮ್ಮ ಕಡೆ

1950ರಲ್ಲಿ ಕೊಪ್ಪಳ ಮೈಸೂರಿಗೆ ಸೇರಿರಲಿಲ್ಲ. ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಈ ಕಡೆ ಬಂತು, 1997ರಲ್ಲಿ ಬೇರೆ ಜಿಲ್ಲೆಯಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬಯಲಾಟದವರಿಗೂ ಅದೇ ಪ್ರಶ್ನೆ ಇತ್ತು: ಮೈಕ್ ಇಲ್ಲದ ಬಯಲು, ದೂರ ಕೂತ ಜನ, ಒಂದು ಗಂಟಲು. ಅವರ ಉತ್ತರ ಏರುದನಿ. ಅದು ಹೇಗೆ ಕೆಲಸ ಮಾಡುತ್ತದೆ, ಫಾರ್ಮೆಂಟ್ ಎಲ್ಲಿ ಕೂರುತ್ತದೆ ಅಂತ ಅಳೆದು ನೋಡಿದರೆ ಅದೇ ಒಂದು ಒಳ್ಳೆ ಮಿನಿ ಪ್ರಾಜೆಕ್ಟ್. ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಫೋನಿಗೆ ಪುಕ್ಕಟೆ ಸಿಗುತ್ತದೆ.

ಆದರೆ ಅಳೆಯಲು ದನಿ ಬೇಕಲ್ಲ. ನಮ್ಮ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಅವರ ಹೆಸರು ಈಗ ಎಲ್ಲರಿಗೂ ಗೊತ್ತು. ಪ್ರಶಸ್ತಿ ಬರದವರು ಪ್ರತಿ ಊರಲ್ಲೂ ಇದ್ದಾರೆ: ಭಜನೆಯಲ್ಲಿ ತತ್ವಪದ ಎತ್ತುವ ಕಾಕಾ, ಬೀಸುವ ಪದ ನೆನಪಿರುವ ಅಮ್ಮ, ಆಟದಲ್ಲಿ ಭೀಮನ ಪಾತ್ರ ಮಾಡಿದ ಮುತ್ಯಾ.

ಒಡೆಯರ್‌ಗೆ 4,800 ಡಾಲರ್ ಖಾತ್ರಿ ಬೇಕಾಯಿತು. ನಮಗೆ ಬೇಕಾದದ್ದು ಜೇಬಿನಲ್ಲೇ ಇದೆ. ರಜೆಗೆ ಊರಿಗೆ ಹೋದಾಗ ಅವರನ್ನು ಕೇಳಿ, ಒಪ್ಪಿದರೆ ಫ್ಯಾನ್ ಆಫ್ ಮಾಡಿ, ಫೋನನ್ನು ಒಂದು ಮಾರು ದೂರ ಇಡಿ. ಹಾಡಿಗೆ ಮುಂಚೆ ಅವರ ಬಾಯಿಂದಲೇ ಹೆಸರು, ಊರು, ತಾರೀಖು ಹೇಳಿಸಿ. ನಡುವೆ ಮಾತಾಡಬೇಡಿ, ಎಡಿಟ್ ಮಾಡಬೇಡಿ. ಒಂದು ಕಾಪಿ ಅವರ ಮನೆಯವರಿಗೆ ಕೊಡಿ, ಇನ್ನೊಂದು ನಿಮ್ಮ ಹತ್ತಿರ ಇರಲಿ.